ಖಾಲಿ ಡಬ್ಬಿ ವಾಪಸ್ ಕೊಡಬಾರದು

ಚೌತಿಯ ಹಿಂದಿನ ವಾರವಿಡೀ ಒಂದು ಪ್ಯಾಕೆಟ್ ಕಡಲೆಬೇಳೆ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಅನಾಥವಾಗಿ ಕೂತಿತ್ತು. ನಾನು ಅದನ್ನು ಒಡೆದು ಡಬ್ಬಕ್ಕೆ ಸುರಿಯಲಿಲ್ಲ. ಮಹಾದೇವಿಯೂ ತನ್ನ ಮನೆಗೆ ಒಯ್ಯಲಿಲ್ಲ. ಪಾತ್ರೆ ತೊಳೆಯುವಾಗ ಅವಳು ಅದನ್ನು ಆಚೆ ಸರಿಸುವಳು, ಅವಳು ಹೋದ ಮೇಲೆ ನಾನು ಈಚೆ ಸರಿಸುವೆ.

"ಏನಿದು, ಗಡಿ ವಿವಾದವಾ?" ಎಂದು ನನ್ನ ಗಂಡ ಕೇಳಿದರು. (ಮುಂಬೈಯಲ್ಲಿರುವ ಕನ್ನಡಿಗರಿಗೆ ಈ ಜೋಕು ಹಳೆಯದು. ಇವರು ಬಿಡುವುದಿಲ್ಲ.)

ಮಹಾದೇವಿ ನಮ್ಮ ಮನೆಗೆ ಕಸ, ಪಾತ್ರೆಯ ಕೆಲಸಕ್ಕೆ ಬರುವವಳು. ಸಿಂದಗಿ ಕಡೆಯವಳು. ಗಂಡ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾನೆ. ಸಯನ್ ಸ್ಟೇಷನ್ನಿನ ಆಚೆ ಒಂದು ಚಾಳಿನಲ್ಲಿ ಅವರ ಖೋಲಿ. ಊರಿಗೆಲ್ಲ ಗೋಡೆ ಕಟ್ಟುವ ಮನುಷ್ಯನ ಮನೆಗೆ ಒಂದು ಕಡೆಯ ಗೋಡೆ ಇನ್ನೂ ತಗಡಿನದು.

ಜಗಳ ಶುರುವಾದದ್ದು ಹೀಗೆ. ಒಂದು ದಿನ ನೆಲ ಒರೆಸುತ್ತಾ, ತಲೆ ಎತ್ತದೆ ಹೇಳಿದಳು: "ಅಕ್ಕಾರ, ಈ ವರ್ಷ ಹೋಳಿಗಿ ಇಲ್ರೀ."

"ಯಾಕೆ? ಊರಿಗೆ ಹೊರಟಿಯಾ?"

"ಎಲ್ಲೀ ಊರ್ರೀ. ರೇಷನ್ನಿನ ಹಬ್ಬದ ಚೀಲ ಬಂದ್ ಮಾಡ್ಯಾರ. ಕೇಳಿದ್ರ ದುಕಾನದಂವ ಏನಂತಾನ? ಬಜೆಟ್ ಮೇ ನಹೀ ಹೈ, ಮೌಸಿ!"

ಹಬ್ಬ ಬಂತೆಂದರೆ ರೇಷನ್ ಅಂಗಡಿಯಲ್ಲಿ ಒಂದು ಚೀಲ ಸಿಗುತ್ತಿತ್ತು. ಕಡಲೆಬೇಳೆ, ಸಕ್ಕರೆ, ರವೆ, ಎಣ್ಣೆ. ನೆಪಕ್ಕೊಂದು ಬೆಲೆ ಕೊಟ್ಟರಾಯಿತು. ಆ ಬೇಳೆಯಲ್ಲಿ ಮಹಾದೇವಿ ಹೂರಣ ರುಬ್ಬುತ್ತಿದ್ದಳು. ತನ್ನ ಮನೆಗೆ ಮಾತ್ರ ಅಲ್ಲ, ತಾನು ಕೆಲಸ ಮಾಡುವ ನಾಲ್ಕು ಮನೆಗೂ.

ಬಜೆಟ್ ದಿನ ನಾವೂ ಟೀವಿ ಮುಂದೆ ಕೂತಿದ್ದೆವು. ಕೋಟು ಹಾಕಿದ ನಾಲ್ಕು ಮಂದಿ ಒಬ್ಬರ ಮೇಲೊಬ್ಬರು ಕಿರುಚುತ್ತಿದ್ದರು. ಕೆಳಗೆ ಒಂದು ಸಾಲು ಓಡಿತು, ಕೆಲವು ಯೋಜನೆಗಳ ಖರ್ಚು ಕಡಿತ ಅಂತ. ಯಾವ ಯೋಜನೆ? ಯಾರಿಗೆ ಗೊತ್ತು! ಇವರು ಚಾನೆಲ್ ಬದಲಾಯಿಸಿದರು. ನೋಡಿ, ಆ ಒಂದು ಸಾಲು ಅಲ್ಲಿಂದ ಓಡಿ ಓಡಿ ಚೌತಿಯ ಹೊತ್ತಿಗೆ ನಮ್ಮ ಅಡುಗೆಮನೆಗೇ ಬಂದು ನಿಂತಿತ್ತು.

ನಾನೋ, ತಡೆದುಕೊಳ್ಳುವ ಜಾತಿಯವಳಲ್ಲ. ಅಂದೇ ಸಂಜೆ ಮಾರ್ಕೆಟ್ಟಿಗೆ ಹೋಗಿ ಬೇಳೆ ತಂದೆ. "ತಗೋ ಮಾರಾಯ್ತಿ, ಇಷ್ಟಕ್ಕೆಲ್ಲ ಹಬ್ಬ ನಿಲ್ತದಾ?" ಎಂದು ಅವಳ ಕೈಗಿಟ್ಟೆ. ಅವಳು ಅದನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು.

"ಬ್ಯಾಡ್ರೀ ಅಕ್ಕಾರ. ನಿಮ್ಮ ಬ್ಯಾಳಿಲೆ ಮಾಡಿ ನಿಮಗ ತಂದ್ರ ಅದು ಅಡಗಿ ಕೆಲಸ ಆತು. ಕೊಟ್ಟಂಗ ಹೆಂಗ ಆತ್ರೀ?"



ವರ್ಷವಿಡೀ ಆ ಹುಡುಗಿ ನಮ್ಮಿಂದ ತೆಗೆದುಕೊಳ್ಳುವವಳೇ. ಸಂಬಳ, ಹಳೆ ಸೀರೆ, ಮಿಕ್ಕ ಸಾರು, ದೀಪಾವಳಿಯ ಬೋನಸ್. ಚೌತಿಯ ಸಂಜೆ ಮಾತ್ರ ಬೇರೆ. ಅಂದು ಅವಳು ಕೆಲಸಕ್ಕೆ ಬರುವುದಲ್ಲ, ನಮ್ಮ ಮನೆಗೆ ಬರುವುದು. ಇಳಕಲ್ ಸೀರೆ, ತಲೆ ತುಂಬ ಹೂವು. ಬೆಲ್ ಒತ್ತಿ ಹೊಸ್ತಿಲ ಹೊರಗೆ ನಿಲ್ಲುತ್ತಾಳೆ, ನಾನು ಬಾ ಎಂದ ಮೇಲೇ ಒಳಗೆ ಕಾಲಿಡುತ್ತಾಳೆ. "ನಮ್ಮನಿ ಹೋಳಿಗೀರಿ" ಎಂದು ಡಬ್ಬಿ ಮುಂದೆ ಹಿಡಿಯುತ್ತಾಳೆ. ನಾನು ಚಹಾ ಮಾಡಿ ಕೊಡುತ್ತೇನೆ. ಕಪ್ಪು ಅಲ್ಲೇ ಬಿಟ್ಟು ಹೋಗುತ್ತಾಳೆ, ತೊಳೆಯುವುದಿಲ್ಲ! ಆ ಗತ್ತು ನೋಡಲು ನನಗೆ ಎಷ್ಟು ಇಷ್ಟ ಎಂದು ಅವಳಿಗೆ ಹೇಳಿಲ್ಲ. ಅಂಥದೊಂದು ಸಂಜೆಯನ್ನು ಯಾರೋ ಸಹಿ ಹಾಕಿ ಹೊಡೆದುಹಾಕಿದರಲ್ಲ!

"ಅಂಗಡಿಯಲ್ಲಿ ಸ್ವಲ್ಪ ತಗೋ, ನಮಗೊಬ್ಬರಿಗೆ ಮಾಡು" ಎಂದು ಸ್ವಾರ್ಥದ ಸಲಹೆಯನ್ನೂ ಕೊಟ್ಟು ನೋಡಿದೆ.

"ಒಬ್ರಿಗಿ ಕೊಟ್ಟು ಮೂರು ಮನಿಗಿ ಬಿಟ್ರ ಚಂದ ಕಾಣಸ್ತದೇನ್ರೀ? ಸುಮ್ನಿರ್ರಿ ನೀವು."

ಪ್ಯಾಕೆಟ್ ಕಟ್ಟೆಯ ಮೇಲೆ ಸುಮ್ಮನಿತ್ತು.

ಚೌತಿಯ ಬೆಳಗ್ಗೆ ಮಹಾದೇವಿ ಎಂದಿನಂತೆ ಕೆಲಸಕ್ಕೆ ಬಂದಳು. ಸೆರಗಿನ ಮರೆಯಿಂದ ಪುಟ್ಟದೊಂದು ಸ್ಟೀಲ್ ಡಬ್ಬಿ ತೆಗೆದು, ನನ್ನ ಮುಖ ನೋಡದೆ, ಕಟ್ಟೆಯ ಮೇಲಿಟ್ಟಳು. "ಶೇಂಗಾ ಹಿಂಡಿ ಅದರೀ. ಹಬ್ಬದ ದಿನ ಖಾಲಿ ಕೈಲೆ ಹೆಂಗ ಬರೂದು?"

ಶೇಂಗಾ ಚಟ್ನಿಪುಡಿ. ಬಾಯಿಗೆ ಹಾಕಿಕೊಂಡೆ, ಖಾರಕ್ಕೆ ಕಣ್ಣಲ್ಲಿ ನೀರು. (ಖಾರಕ್ಕೇ ಅಂತ ಇಟ್ಟುಕೊಳ್ಳಿ.) ಪುಡಿಯನ್ನು ನಮ್ಮ ಬಾಟಲಿಗೆ ಸುರಿದು ಡಬ್ಬಿ ತೊಳೆದೆ. ಒರೆಸುತ್ತಾ ಇದ್ದವಳಿಗೆ ಅಮ್ಮನ ಮಾತು ನೆನಪಾಯಿತು. ಉಡುಪಿಯಲ್ಲಿ ಪಕ್ಕದ ಮನೆಯಿಂದ ಏನಾದರೂ ಬಂದರೆ ಅಮ್ಮ ಒಳಗಿಂದಲೇ ಕೂಗುವಳು, "ಖಾಲಿ ಪಾತ್ರೆ ವಾಪಸ್ ಕೊಡಬಾರದು ಮಗಾ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕು!"

ಅಯ್ಯೋ ದೇವರೇ, ವಾರವಿಡೀ ಈ ಬುದ್ಧಿ ಎಲ್ಲಿ ಮಲಗಿತ್ತು?

ಕಟ್ಟೆಯ ಮೇಲಿನ ಪ್ಯಾಕೆಟ್ ಕತ್ತರಿಸಿದೆ. ಡಬ್ಬಿಗೆ ಹಿಡಿದಷ್ಟು ಬೇಳೆ ಒತ್ತಿ ತುಂಬಿದೆ. ಮುಚ್ಚಳ ಕೂರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿದೆ. ಹೊರಟು ನಿಂತವಳ ಕೈಗೆ ಕೊಟ್ಟೆ. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಅಕ್ಕಾರ, ಇದೇನ್ರೀ?"

"ಖಾಲಿ ಡಬ್ಬಿ ವಾಪಸ್ ಕೊಡಬಾರದು. ನಿಮ್ಮ ಕಡೆ ಈ ಪದ್ಧತಿ ಇಲ್ವಾ?"

"ಅದರೀ. ಒಂದ್ ಚಮಚ ಸಕ್ಕರಿ ಹಾಕ್ತಾರ."

"ನಮ್ಮ ಉಡುಪಿ ಕಡೆ ಕಡಲೆಬೇಳೆ ಹಾಕ್ತಾರೆ." (ಹಸಿ ಸುಳ್ಳು. ಗಣಪತಿ ಎದುರಿಗೇ.)

ಅವಳು ನನ್ನನ್ನು ನೋಡಿದಳು. ಡಬ್ಬಿ ನೋಡಿದಳು. ಆಮೇಲೆ ನಗಲು ಶುರುಮಾಡಿದಳು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ನಗು. "ಭಾಳ ಶಾಣ್ಯಾರ ಅದೀರಿ ಅಕ್ಕಾರ" ಎಂದು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಸಂಜೆ ಬೆಲ್ ಆಯಿತು. ಇಳಕಲ್ ಸೀರೆ, ತಲೆ ತುಂಬ ಹೂವು. "ನಮ್ಮನಿ ಹೋಳಿಗೀರಿ."

ಡಬ್ಬಿಯಲ್ಲಿ ಮಡಚಿಟ್ಟ ಒಂದೇ ಒಂದು ಹೋಳಿಗೆ, ಇನ್ನೂ ಬಿಸಿ. "ಒಂದೊಂದ ಆದ್ರೂ ನಾಕೂ ಮನಿಗಿ ಮುಟ್ಟಿಸೀನ್ರಿ" ಎಂದಳು, ಯುದ್ಧ ಗೆದ್ದವಳ ಹಾಗೆ.

"ಮಕ್ಕಳಿಗೆ?"

"ಅವಕೂ ಅದಾವ್ರೀ. ಹೂರಣದ ಬೋಗುಣಿ ಸೈತ ನೆಕ್ಕ್ಯಾವ."

ನಾನು, ಇವರು ಅರ್ಧರ್ಧ ತಿಂದೆವು. ಅವಳು ಚಹಾ ಕುಡಿದು ಕಪ್ಪು ಅಲ್ಲೇ ಬಿಟ್ಟು ಹೋದಳು. ಅದನ್ನು ತೊಳೆಯುವಾಗ ನನಗೆ ಹಾಡು ಬರುತ್ತಿತ್ತು.

ಸರ್ಕಾರಕ್ಕೂ ಕಷ್ಟ ಇರಬಹುದು. ಖರ್ಚು ಹಿಡಿಯಬೇಕು, ಒಪ್ಪಿದೆ. ನಾನೂ ಮನೆ ನಡೆಸುವವಳೇ. ಆದರೆ ಖರ್ಚು ಹಿಡಿಯಬೇಕು ಎಂದಾಗ ಮೊದಲು ಕೈ ಹೋಗುವುದು ಮಹಾದೇವಿಯ ಹೂರಣದ ಬೋಗುಣಿಗೇ ಯಾಕೆ? ಮುಂದಿನ ಚೌತಿಗೂ ನಾನು ಹೀಗೆ ಸುಳ್ಳು ಹೇಳಬಲ್ಲೆ. ನನ್ನಂಥ ಸುಳ್ಳಿಯಿಲ್ಲದ ಮನೆಗಳಲ್ಲಿ ಕೆಲಸ ಮಾಡುವವರು ಏನು ಮಾಡಬೇಕು?

ಚುನಾವಣೆಯ ದಿನ ಅವಳು ಎರಡು ಮನೆ ಕೆಲಸಕ್ಕೆ ರಜೆ ಹಾಕಿ, ಬಿಸಿಲಲ್ಲಿ ಸಾಲು ನಿಂತು, ಬೆರಳಿನ ಶಾಯಿಯನ್ನು ನನಗೆ ತೋರಿಸಲೆಂದೇ ಬಂದಿದ್ದಳು. ಅವಳಂಥವರೆಲ್ಲ ಸೇರಿ ಅಂದು ವೋಟಿನ ಒಂದು ಡಬ್ಬಿ ತುಂಬಿಸಿ ಕಳಿಸಿದ್ದರಲ್ಲವೇ? (ಈಗ ಅದು ಮಷಿನ್ ಅಂತೆ, ಇರಲಿ.)

ಗೆದ್ದವರು ಅದನ್ನು ಖಾಲಿ ವಾಪಸ್ ಕಳಿಸಿದ್ದಾರಲ್ಲ, ಅವರ ಮನೆಯಲ್ಲಿ ಒಳಗಿಂದ ಕೂಗಿ ಹೇಳುವ ಅಮ್ಮ ಇರಲಿಲ್ಲವೇ?