ಹೋಟೆಲಿನಕ್ಕ ಆಡಿದ ಕರಡಿ ಮಿಶಿನ್ನು

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬೆಸಗರಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದೆ. ಹತ್ತಿರದ ಮದ್ದೂರಿನಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆ. ಮದುವೆಯಾಗದವಳು ಒಬ್ಬಳೇ ಇದ್ದಾಳೆಂದು ಅಕ್ಕಪಕ್ಕದವರು ನನ್ನೊಡನೆ ಮಾತಿಗೆ ನಿಲ್ಲುತ್ತಿರಲಿಲ್ಲ. ಶನಿವಾರ ಶಾಲೆ ಬಿಟ್ಟರೆ ಸೋಮವಾರದವರೆಗೂ ತುಟಿ ಬಿಚ್ಚದೆ ಕಳೆದದ್ದುಂಟು.

ಊಟಕ್ಕೆ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗುತ್ತಿದ್ದೆ. ಅದರ ಯಜಮಾನರು ಬೆಂಗಳೂರಿನ ಯಾವುದೋ ಕ್ಲಬ್ಬಿನವರು ಮಾರಿದ ಹಳೆಯ ಪಿನ್‌ಬಾಲ್ ಯಂತ್ರವನ್ನು ತಂದು ಮೂಲೆಯಲ್ಲಿ ನಿಲ್ಲಿಸಿದ್ದರು. ಗಾಜಿನ ಮೇಲೆ ಪಟ್ಟೆ ಚಡ್ಡಿ ತೊಟ್ಟು ವಾರೆಟೋಪಿ ಇಟ್ಟ ಕಾರ್ಟೂನ್ ಕರಡಿಯ ಚಿತ್ರ. ಊರಿಗೆಲ್ಲ ಅದು ಕರಡಿ ಮಿಶಿನ್ನು. ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲೆ ಹಾರಿ, ಅಲ್ಲಲ್ಲಿ ಬಡಿದು ಗಂಟೆ ಬಾರಿಸಿ ಪಾಯಿಂಟ್ ಏರಿಸುತ್ತ ಕೆಳಗೆ ಉರುಳುತ್ತಿತ್ತು. ಅದು ಬಿದ್ದುಹೋಗುವ ಮೊದಲು ಪಕ್ಕದ ಗುಂಡಿ ಒತ್ತಿ ಮತ್ತೆ ಮೇಲಕ್ಕೆ ಅಟ್ಟಬೇಕು.

ಒಂದು ಶನಿವಾರ ಮಧ್ಯಾಹ್ನ ಯಜಮಾನರು ಮನೆಗೆ ಮಲಗಲು ಹೋಗಿದ್ದರು. ಹೋಟೆಲಿನಲ್ಲಿ ನಾನೊಬ್ಬಳೇ. ಅಡುಗೆಮನೆಯಿಂದ ಅವರ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದರು.

"ಟೀಚರಮ್ಮ, ಇದ್ರ ಮೇಲೆ ಇಂಗ್ಲೀಸಿನಲ್ಲಿ ಏನೋ ಬರ್ದವ್ರಲ್ಲ, ಓದಿ ಯೋಳಿ."

"ಜೋರಾಗಿ ಅಲ್ಲಾಡಿಸಿದರೆ ಆಟ ನಿಲ್ಲುತ್ತೆ ಅಂತಿದೆ ಅಕ್ಕ."

"ಅದ್ಕೇ ಮೊನ್ನೆ ನಿಂತೋಯ್ತಾ! ನಾನೇ ಕೆಡಿಸ್ಬುಟ್ಟೆ ಅಂತ ಎದ್ರಿದ್ದೆ."

ಇಬ್ಬರೂ ನಕ್ಕೆವು. ಅಂದಿನಿಂದ ಪ್ರತಿ ಶನಿವಾರ ನಾವು ಆಡಿದೆವು. ನನ್ನ ಗುಂಡು ಕ್ಷಣದಲ್ಲಿ ಬಿದ್ದುಹೋಗುತ್ತಿತ್ತು. ಆಕೆಯದು ಬೀಳುತ್ತಲೇ ಇರಲಿಲ್ಲ. ದೋಸೆ ಮಗುಚುವ ಅದೇ ನಿಧಾನದಲ್ಲಿ, ಅವಸರವೇ ಇಲ್ಲದೆ, ಸರಿಯಾದ ಗಳಿಗೆಗೆ ಕಾದು ಗುಂಡಿ ಒತ್ತುತ್ತಿದ್ದರು. ಮದ್ದೂರಿಗೆ ಬಂದು ಹನ್ನೆರಡು ವರ್ಷವಾಗಿದ್ದರೂ ಆಕೆ ಇನ್ನೂ ರೈಲ್ವೆ ಸ್ಟೇಷನ್ ನೋಡಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಗಳಿಸಿದವರ ಹೆಸರು, ಅಂಕಿ ಬರೆಯಲು ಯಜಮಾನರು ಒಂದು ಸ್ಲೇಟು ತೂಗುಹಾಕಿದ್ದರು. ಒಮ್ಮೆ ಅಕ್ಕ ಅದರಲ್ಲಿದ್ದ ಅಂಕಿಯನ್ನೂ ದಾಟಿದರು. ಖುಷಿ ತಡೆಯಲಾರದೆ ನಾನೇ ಬಳಪ ತೆಗೆದುಕೊಂಡು ಹೊಸ ಅಂಕಿ ಬರೆದೆ. ಹೆಸರು ಬರೆಯಲಿಲ್ಲ.

ಸೋಮವಾರ ಸಂಜೆ ಯಂತ್ರದ ಸುತ್ತ ಗಂಡಸರು ಗುಂಪುಗೂಡಿದ್ದರು.

"ಯಾವನ್ಲಾ ಇಷ್ಟು ಮಾಡ್ದೋನು?"

"ಮೈಸೂರ್ ಕಡೆಯೋನಿರ್ಬೇಕು ಬುಡ್ಲಾ."

ಊಟ ಮಾಡುತ್ತಿದ್ದ ನನಗೆ ಸುಮ್ಮನಿರಲಾಗಲಿಲ್ಲ. "ಮೈಸೂರಿನವರಲ್ಲ. ಒಳಗಿದ್ದಾರಲ್ಲ, ನಮ್ಮಕ್ಕ, ಅವರು" ಎಂದೆ.

ಎಲ್ಲರೂ ಅಡುಗೆಮನೆಯತ್ತ ತಿರುಗಿ ನೋಡಿದರು. ಆಮೇಲೆ ಒಬ್ಬ, "ಯಜಮಾನ್ರೇ, ಇನ್ಮೇಲೆ ಅಡ್ಗೆ ನೀವ್ ಮಾಡಿ, ಅಮ್ಮಾವ್ರು ಆಡ್ಲಿ" ಎಂದ. ಹೋಟೆಲೆಲ್ಲ ನಕ್ಕಿತು. ಯಜಮಾನರು ನಗಲಿಲ್ಲ. ಎದ್ದು ಬಂದು ಟೇಬಲ್ ಒರೆಸುವ ಬಟ್ಟೆಯಿಂದ ಸ್ಲೇಟು ಒರೆಸಿದರು.

ಮುಂದಿನ ಶನಿವಾರದಿಂದ ಅವರು ಮಧ್ಯಾಹ್ನ ಮನೆಗೆ ಹೋಗಲಿಲ್ಲ. ಗಲ್ಲಾದ ಹಿಂದೆಯೇ ತೂಕಡಿಸತೊಡಗಿದರು. ಅಕ್ಕ ಹೊರಗೆ ಬರಲಿಲ್ಲ. ನಾನು ಅನ್ನ ಕಲಸುತ್ತ ಒಳಗಿನ ಪಾತ್ರೆಗಳ ಸದ್ದು ಕೇಳುತ್ತಿದ್ದೆ.

ಕೆಲವು ತಿಂಗಳ ನಂತರ ನನಗೆ ಮಳವಳ್ಳಿಗೆ ವರ್ಗವಾಯಿತು. ಹೊರಡುವ ದಿನ ಹಿತ್ತಲ ಬಾಗಿಲಿಗೆ ಹೋಗಿ, "ನನ್ನಿಂದ ತಪ್ಪಾಯ್ತು ಅಕ್ಕ" ಎಂದೆ.

"ತಪ್ಪೇನು ಬುಡಿ, ನಿಜಾನೇ ಯೋಳಿದ್ರಿ" ಎಂದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಆದ್ರೆ ನಂಗೂ ಅಂತ ಒಂದು ಸನಿವಾರ ಇತ್ತು ಕಣಮ್ಮ" ಎಂದರು. ಒಲೆಯ ಮೇಲೆ ಸಾರು ಉಕ್ಕಿತು. ಒಳಗೆ ಹೋದವರು ಮತ್ತೆ ಬರಲಿಲ್ಲ.

ಮಳವಳ್ಳಿಯಲ್ಲಿ ನಾನು ಹೋಟೆಲಿಗೆ ಹೋಗಲಿಲ್ಲ. ಸೀಮೆಎಣ್ಣೆ ಸ್ಟೌ ಕೊಂಡು, ಒಬ್ಬಳಿಗಾಗುವಷ್ಟು ಬೇಯಿಸಿಕೊಂಡೆ.