ಮಗ್ಗ ನಿಲ್ಲಿಸಿ ಮಾಡಿದ ರಿಪೇರಿ

ಮನೆಯಲ್ಲಿ ಇಂಟರ್‌ನೆಟ್ ನಿಧಾನವಾದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಜಮಖಂಡಿಯ ಕಚೇರಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಕೂದಲು ಉದುರಿಸಿಕೊಂಡಿದ್ದೇನೆ ಎಂಬುದಷ್ಟೇ ನನ್ನ ಅರ್ಹತೆ. ನನಗೆ ಗೊತ್ತಿರುವ ರಿಪೇರಿ ಒಂದೇ: ಆರಿಸಿ ಮತ್ತೆ ಹಚ್ಚುವುದು. ನಡುವಿನ ಹೊತ್ತಿನಲ್ಲಿ ಗಾಬರಿಯಾಗುವುದು.

ಆ ವಾರ ಗಾಬರಿಗೆ ಕಾರಣವೂ ಇತ್ತು. ಅಣ್ಣ ಬೆಳಗಾವಿಯ ಆಸ್ಪತ್ರೆಯಲ್ಲಿದ್ದ. ಗಂಟಲಿನ ಗಡ್ಡೆ ತೆಗೆಯುವಾಗ ಅವನ ದನಿಯೂ ಹೋಗಿತ್ತು. ಗಡ್ಡೆ ಮತ್ತೆ ಬೆಳೆಯುತ್ತಿದೆ, ಇನ್ನೊಂದು ಆಪರೇಷನ್ ಮಾಡಬಹುದು, ಆದರೆ ಭರವಸೆ ಕೊಡಲಾರೆವು, ರೋಗಿಯ ಇಚ್ಛೆ ಏನೆಂದು ಕೇಳಿ ಹೇಳಿ ಎಂದಿದ್ದರು ಡಾಕ್ಟರು. ಅಣ್ಣನಿಗೆ ಸಹಿ ಬಿಟ್ಟರೆ ಬರೆಯಲು ಬಾರದು. ಅವನ ಜತೆಗಿದ್ದವನು ವೈನಿಯ, ಅಂದರೆ ಅತ್ತಿಗೆಯ, ತಮ್ಮ, ಮುಧೋಳದ ಕಡೆ ಕಬ್ಬು ಬೆಳೆಯುವವನು. ಹೌದೋ ಅಲ್ಲವೋ ತಲೆಯಾಡಿಸೆಂದರೆ ಅಣ್ಣ ಒಲ್ಲೆನೆಂದು ಫೋನು ತೋರಿಸುತ್ತಿದ್ದ, ಹೆಂಡತಿಗೇ ಹೇಳಬೇಕಂತೆ. ಅಣ್ಣ ಬರೀ ತುಟಿ ಆಡಿಸಿ ಹೇಳುತ್ತಿದ್ದ ಮಾತು ಅವನಿಗೆ ತಿಳಿಯುತ್ತಿರಲಿಲ್ಲ.

ವೈನಿಗೆ ತಿಳಿಯುತ್ತದೆ. ಬನಹಟ್ಟಿಯ ನಮ್ಮ ಮನೆಯಲ್ಲಿ ಪವರ್‌ಲೂಮ್ ಓಡುವಾಗ ಮಗ್ಗದ ಹತ್ತಿರ ಕೂಗಿದರೂ ಕೇಳಿಸದು. ಊಟಕ್ಕೆ ಕರೆಯುವುದರಿಂದ ಹಿಡಿದು ಜಗಳದವರೆಗೆ ಎಲ್ಲವೂ ತುಟಿಯಲ್ಲೇ ನಡೆಯುತ್ತದೆ. ಮಗ್ಗದ ಮೇಲೆ ದುಡಿದವರೆಲ್ಲ ಬಾಯಿ ನೋಡಿಯೇ ಮಾತು ತಿಳಿಯುತ್ತಾರೆ. ಹಾಸ್ಟೆಲ್ಲಿನಲ್ಲಿ ಓದಿದ ನನಗೆ ಆ ವಿದ್ಯೆ ಅರ್ಧಂಬರ್ಧ. ವೈನಿ ಬೆಳಗಾವಿಗೇ ಹೋಗಬೇಕೆಂದರೆ ಅವರ ಕಾಲು ಮುರಿದು ಪ್ಲಾಸ್ಟರಿನಲ್ಲಿತ್ತು. ಕಲ್ಲುಗೋಡೆಯ ಮನೆಯೊಳಗೆ ಮೊಬೈಲ್ ಸಿಗ್ನಲ್ ಬಾರದು. ವೈಫೈ ನಂಬಿ, ಸಂಜೆಗೊಂದು ವಿಡಿಯೊ ಕಾಲ್ ಮಾಡುವುದೊಂದೇ ದಾರಿ.

ಕಾಲ್ ಹತ್ತುತ್ತಿತ್ತು. ಅಣ್ಣನ ಮುಖ ಬರುತ್ತಿತ್ತು, ಬಾಯಿ ತೆರೆಯುತ್ತಿತ್ತು, ಅಲ್ಲಿಗೇ ನಿಲ್ಲುತ್ತಿತ್ತು. ತೆರೆದ ಬಾಯಿಯ ಆ ಚಿತ್ರ ನೋಡುತ್ತ ಎಲ್ಲರೂ ಕೂರುತ್ತಿದ್ದೆವು.

“ಅಕ್ಕಾ, ಡಾಕ್ಟರ್ ದಿನಾ ಕೇಳಾಕತ್ತಾರ. ಏನಂದ್ರು ಹೇಳಬೇ,” ಎನ್ನುತ್ತಿದ್ದ ವೈನಿಯ ತಮ್ಮ.

“ತಿಳೀವಲ್ತೋ. ನೆಟ್ ಹತ್ತವಲ್ತು. ನಾಳಿ ನೋಡೂಣು,” ಎನ್ನುತ್ತಿದ್ದರು ವೈನಿ.

ನಾನು ರಿಪೇರಿಗೆ ಇಳಿದೆ. ವೈಫೈ ಡಬ್ಬಿ ಇದ್ದದ್ದು ದೇವರ ಕೋಣೆಯ ಗೋಡೆಯ ಗೂಡಿನಲ್ಲಿ, ಹಿತ್ತಾಳೆ ಕೊಡಗಳ ಹಿಂದೆ, ಅರಳೆಯ ಧೂಳು ಕೂರದಿರಲೆಂದು ಹೊಲಿದ ಬಟ್ಟೆಚೀಲದೊಳಗೆ. ತಂದು ನಡುಮನೆಯ ಸ್ಟೂಲಿನ ಮೇಲಿಟ್ಟೆ. ಮರುದಿನ ಕಚೇರಿಯಿಂದ ಬಂದು ನೋಡಿದರೆ ಮತ್ತೆ ಕೊಡಗಳ ಹಿಂದಿತ್ತು. “ಧೂಳ ಕೂಡತೈತಿ ಅಂತ ಒಳಗ ಇಡಿಸೇನಿ,” ಎಂದರು ವೈನಿ. ನಾನು ಒಪ್ಪಿಕೊಂಡು ಬೇರೆ ಅಪರಾಧಿಯನ್ನು ಹುಡುಕಿದೆ. ಮಗ್ಗ ಓಡಿಸುವ ಇಬ್ಬರು ಸಿನೆಮಾ ನೋಡುತ್ತಾರೆಂದು ಪಾಸ್‌ವರ್ಡ್ ಬದಲಿಸಿದೆ.

“ಮಗ್ಗ ಬಿಟ್ಟು ಸಿನೆಮಾ ನೋಡಾಕ ಕೈ ಎಷ್ಟ ಅದಾವ್ರಿ ನಮಗ? ಆ ಡಬ್ಬಿಗೊಂದು ದೃಷ್ಟಿ ತಗೀರಿ ಸರ,” ಎಂದ ಅವರಲ್ಲೊಬ್ಬ.

ಕಂಪನಿಗೆ ಫೋನ್ ಮಾಡಿದೆ. ಆರಿಸಿ ಹಚ್ಚಿ ಎಂದರು. ಹುದ್ದೆಯಲ್ಲಿರುವವರಿಗೂ ನನ್ನಷ್ಟೇ ಗೊತ್ತಿದೆ ಎಂದು ಕ್ಷಣ ಹೆಮ್ಮೆಯಾಯಿತು.

ಆಮೇಲೆ ಹೊಸ ಸಂಶಯ ಹೊಳೆಯಿತು. ಮಗ್ಗಗಳು ಒಟ್ಟಿಗೆ ಓಡುವಾಗ ಬಲ್ಬು ಮಂಕಾಗುತ್ತದಲ್ಲ, ಡಬ್ಬಿಗೂ ಕರೆಂಟು ಸಾಲದಾಗುತ್ತಿರಬೇಕು. ಆ ಸಂಜೆ ಡಬ್ಬಿಯನ್ನು ವೈನಿಯ ಮಂಚದ ತಲೆದೆಸೆಗೇ ತಂದು ಹಚ್ಚಿ, ಮಗ್ಗ ನಿಲ್ಲಿಸಲು ಹೇಳಿದೆ.

“ಬ್ಯಾಡೋ ತಮ್ಮಾ, ಹಂಗ ನಿಂದರಸಬಾರ್ದು,” ಎಂದರು ವೈನಿ.

“ಹತ್ತ ಮಿನಿಟ್ರೀ ವೈನಿ.”

ಮನೆ ಗಪ್ಪಾಯಿತು. ಅಣ್ಣನ ಮುಖ ಎಷ್ಟು ಸ್ಪಷ್ಟವಾಗಿ ಬಂತೆಂದರೆ ಕುತ್ತಿಗೆಯ ನಳಿಗೆ, ನರೆತ ಕುರುಚಲು ಗಡ್ಡ ಎಲ್ಲ ಕಂಡವು. ಅವನು ನಮ್ಮನ್ನು ನೋಡದೆ ಕಿವಿಗೊಟ್ಟು ಕೇಳುತ್ತಿದ್ದ. ತುಟಿ ಆಡಿದವು: ಯಾರ ಹ್ವಾದ್ರು?

ನಮ್ಮ ಓಣಿಯಲ್ಲಿ ದುಡಿಮೆಯ ಹೊತ್ತಿನಲ್ಲಿ ಮಗ್ಗ ನಿಲ್ಲುವುದು ಕರೆಂಟು ಹೋದರೆ, ಇಲ್ಲವೇ ಮನೆಯಲ್ಲಿ ಸಾವಾದರೆ. ನಮ್ಮ ತಲೆಯ ಮೇಲೆ ಬಲ್ಬು ಉರಿಯುತ್ತಿದ್ದುದು ಅವನಿಗೆ ಕಾಣುತ್ತಿತ್ತು.

“ಯಾರೂ ಹೋಗಿಲ್ರಿ. ನಿಮ್ಮ ತಮ್ಮ ನೆಟ್ ರಿಪೇರಿ ಮಾಡಾಕತ್ತಾನ,” ಎಂದರು ವೈನಿ.

ಅಣ್ಣ ನಕ್ಕ. ದನಿಯಿಲ್ಲದ ನಗು, ಭುಜ ಮಾತ್ರ ಅಲುಗಿತು. ಆಮೇಲೆ ಸಣ್ಣ ಕೂಸಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದ: ಕೊಯ್ಯೂದು ಸಾಕು. ಮನಿಗೆ ಕರಕೊಂಡ ಹೋಗ್ರಿ.

ಮಗ್ಗ ಬಿಟ್ಟು ಬಂದ ಇಬ್ಬರೂ ನನ್ನ ಹಿಂದೆ ನಿಂತು ನೋಡುತ್ತಿದ್ದರು. ದೃಷ್ಟಿಯ ಮಾತಾಡಿದ್ದವನು ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ನನಗೂ ತಿಳಿದಿತ್ತು.

“ಏನಂದ್ರಬೇ ಅಕ್ಕಾ?” ಎಂದ ಆ ಕಡೆಯಿಂದ ವೈನಿಯ ತಮ್ಮ.

“ತಡಿ, ಹೇಳತೀನಿ,” ಎಂದು ವೈನಿ ಫೋನನ್ನು ಹೊದ್ದ ಕೌದಿಯ ಮೇಲೆ ಬೋರಲು ಹಾಕಿದರು. “ಇವತ್ತ ನೆಟ್ ಛಲೋ ಹತ್ತಿತ್ತಲ್ರೀ,” ಎಂದೆ.

“ಮೊದಲನೇ ದಿನಾನ ತಿಳಿದಿತ್ತಪಾ ನನಗ,” ಎಂದರು ವೈನಿ. “ಹರಕು ಮುರಕು ಬಂದ್ರೇನಾತು, ಆ ಬಾಯಿ ನನಗ ಹೊಸಾದೇನು? ನೆಟ್ ಇಲ್ಲ ಅಂತ ದಿನಾ ದೂಡಾಕತ್ತಿದ್ದೆ. ಈಗ ಎಲ್ಲಾರೂ ನೋಡಿದ್ರಿ. ಇನ್ನ ಏನಂತ ಹೇಳ್ಲಿ?”

ಫೋನಿನೊಳಗಿಂದ ಅವರ ತಮ್ಮ ಅಕ್ಕಾ, ಅಕ್ಕಾ ಎನ್ನುತ್ತಲೇ ಇದ್ದ, ಒಂದು ಅಕ್ಷರವೂ ತುಂಡಾಗದೆ.

“ಮಗ್ಗ ಚಾಲೂ ಮಾಡೂಣ್ರೀ ವೈನಿ?” ಎಂದು ಕೇಳಿದ ಟವೆಲ್ಲಿನವನು.

“ಮಾಡ್ರಿ. ಅವರು ಬರೂದ್ರಾಗ ಹಚ್ಚಿದ್ದ ನೂಲು ನೇದು ಮುಗಸ್ರಿ,” ಎಂದು ವೈನಿ ಫೋನೆತ್ತಿ ತಮ್ಮನಿಗೆ ಹೇಳಬೇಕಾದದ್ದನ್ನು ಹೇಳಿದರು. ನಾನು ಬಾಗಿಲಾಚೆ ಹೋಗಿ ಅಂಬುಲೆನ್ಸಿನವನ ನಂಬರು ಹುಡುಕತೊಡಗಿದೆ.