ತಲೆಯೋ ಕೆಸರೋ

ತೋಟಪ್ಪ ಎಸ್ಟೇಟಿನ ಸ್ಟೋರ್ ನೋಡಿಕೊಳ್ಳುವವನೆಂಬುದು ಹೆತ್ತೂರಿನಲ್ಲಿ ಎಲ್ಲರಿಗೂ ಮರೆತೇ ಹೋಗಿತ್ತು. ಅವನು ಫುಟ್‌ಬಾಲ್ ಕೋಚ್, ಅಷ್ಟೇ. ಜುಲೈ ತಿಂಗಳ ಪಂದ್ಯಾವಳಿಯಲ್ಲಿ ಅವನ ಹುಡುಗರು ನಾಲ್ಕು ವರ್ಷ ಸತತವಾಗಿ ಕಪ್ ಎತ್ತಿದ್ದರು. ಆ ತಿಂಗಳಲ್ಲಿ ಶಾಲೆಯ ಮೈದಾನಕ್ಕೂ ನಾಟಿಗೆ ಹದವಾದ ಗದ್ದೆಗೂ ವ್ಯತ್ಯಾಸವಿರುತ್ತಿರಲಿಲ್ಲ. ಹೊರಗಿನವರು ಬೂಟು ಹಾಕಿಕೊಂಡು ಬಂದು ಹೂತುಕೊಳ್ಳುತ್ತಿದ್ದರು. ಇವನ ಹುಡುಗರದು ಬರಿಗಾಲು, ಇವನ ಪಾಠವೂ ಒಂದೇ: "ಚೆಂಡೇ ಓಡಲ್ಲ, ನೀವ್ಯಾಕ್ರೋ ಓಡ್ತೀರ? ಎತ್ತಿ ಹೊಡೀರಿ, ಬಿದ್ದಲ್ಲಿಗೆ ನಡ್ಕೊಂಡ್ ಹೋಗಿ." ಚೆಂಡು ಬಿದ್ದಲ್ಲೇ ಕಾದಿರುತ್ತಿತ್ತು.

ತೊಂಬತ್ತೆಂಟರಲ್ಲಿ ಆಲೂರಿನ ಅಕ್ಕಿ ಗಿರಣಿಯ ಸಿದ್ದಬಸಪ್ಪ ಜೀಪಿನಲ್ಲಿ ಬಂದ. ತಮ್ಮೂರ ತಂಡಕ್ಕೆ ಕೋಚ್ ಬೇಕು, ಗಿರಣಿಯಲ್ಲಿ ಕೆಲಸವೂ ಕೊಡುತ್ತೇನೆ ಎಂದ. ತೋಟಪ್ಪ ಹಿಂದೆ ಮುಂದೆ ನೋಡಲಿಲ್ಲ. ಸ್ಟೋರಿನ ಬೀಗದಕೈಯನ್ನು ಮಾಲೀಕರ ಮೇಜಿನ ಮೇಲಿಟ್ಟು, "ನಾ ಕಾಲಿಟ್ಟ ಕಡೆ ಕಪ್ ಬರ್ತದೆ ಸ್ವಾಮಿ" ಎಂದು ಹೇಳಿಯೇ ಹೊರಟ. ಹೆಂಡತಿ ವಿಶಾಲಮ್ಮ ಮಾತ್ರ ಪಾತ್ರೆಗಳ ಗಂಟು ಕಟ್ಟುತ್ತ, "ಇಷ್ಟು ವರ್ಷ ಗೆದ್ದಿದ್ದು ನಿಮ್ಮ ತಲೆನೋ, ಈ ಊರಿನ ಕೆಸರೋ?" ಎಂದು ಕೇಳಿಬಿಟ್ಟಳು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಬಾಯಿ ಮುಚ್ಚಿಸದೆ ಬಿಡುವುದಿಲ್ಲ ಎಂದು ಜೀಪು ಹತ್ತಿದ.

ಆಲೂರಿನ ಪಂದ್ಯಗಳು ಬೇಸಿಗೆಯಲ್ಲಿ, ಮೈದಾನ ರಾಗಿ ಕಣದಷ್ಟು ಗಟ್ಟಿ. ಎತ್ತಿ ಹೊಡೆದ ಚೆಂಡು ಪುಟಿದು ಬೇಲಿ ಹಾರುತ್ತಿತ್ತು. ಬೂಟು ಬಿಚ್ಚಿಸಿದ ಹುಡುಗರ ಅಂಗಾಲಿಗೆ ಬೊಬ್ಬೆ ಬಂತು. ಇವರು ನಿಧಾನವಾಗಿ ನಡೆದು ಹೋಗುವಷ್ಟರಲ್ಲಿ ಎದುರಿನವರು ಗೋಲು ಹೊಡೆದು ಕೈ ಕುಲುಕಿಕೊಳ್ಳುತ್ತಿದ್ದರು. "ಸಾರ್, ಇಲ್ಲಿ ಚೆಂಡು ಓಡ್ತೈತೆ" ಎಂದು ಒಬ್ಬ ಹೇಳಿ ನೋಡಿದ. ಗುರುವಿಗೇ ತಿರುಮಂತ್ರವೇ ಎಂದು ತೋಟಪ್ಪ ಅವನನ್ನು ಮೈದಾನದಿಂದ ಹೊರಗೆ ಕೂರಿಸಿದ.

ಮೂರು ಪಂದ್ಯ ಸೋತ ಮೇಲೂ ಅವನು ಪಾಠ ಬದಲಿಸಲಿಲ್ಲ. ಮೈದಾನವನ್ನೇ ಬದಲಿಸಲು ಹೊರಟ. ಹಾಸನದ ತಂಡ ಬರುವ ಹಿಂದಿನ ಸಂಜೆ ಎರಡು ಟ್ಯಾಂಕರ್ ನೀರು ಬಿಡಿಸಿದ. ಗಟ್ಟಿ ನೆಲ ನೀರು ಕುಡಿಯಲಿಲ್ಲ, ಮೇಲೆ ಮಾತ್ರ ಜಾರಿಕೆಯಾಯಿತು. ಬೂಟಿನವರು ನೆಟ್ಟಗೆ ನಿಂತು ಆಡಿದರು, ಬರಿಗಾಲಿನವರು ಸಾಲಾಗಿ ಬಿದ್ದರು. ಊರೇ ನಕ್ಕಿತು.

ಸಿದ್ದಬಸಪ್ಪ ಬೈಯಲಿಲ್ಲ. "ನಿನ್ನ ಜೊತೆ ಹೆತ್ತೂರಿನ ಮಳೆನೂ ಜೀಪಿಗೆ ಹಾಕ್ಕೊಂಡ್ ಬರ್ಬೇಕಿತ್ತು ಮಾರಾಯ" ಎಂದ. ಗಿರಣಿಯ ಕೆಲಸ ಉಳಿಯಿತು, ತಂಡ ಬೇರೆಯವರ ಕೈಗೆ ಹೋಯಿತು. ವಿಶಾಲಮ್ಮ ಆ ದಿನ ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ಮುಂದಿನ ಜುಲೈನಲ್ಲಿ ಗಂಡ ಹೆಂಡತಿ ಹೆತ್ತೂರಿಗೆ ಬಂದರು. ಅವಳು ನೆಂಟರ ಮನೆಗೆ ಹೋದಳು, ಅವನು ಕೊಡೆ ಹಿಡಿದು ಮೈದಾನದ ಅಂಚಿನಲ್ಲಿ ನಿಂತ. ಅವನ ತಂಡದ ಹಳೆಯ ಗೋಲ್‌ಕೀಪರ್ ಕುಳ್ಳಯ್ಯ ಈಗ ಕೋಚ್. "ಚೆಂಡೇ ಓಡಲ್ಲ, ನೀವ್ಯಾಕ್ರೋ ಓಡ್ತೀರ?" ಎಂದು ಅದೇ ಮಾತು, ಅದೇ ರಾಗದಲ್ಲಿ ಕೂಗುತ್ತಿದ್ದ. ಕಪ್ ಐದನೇ ಸಲವೂ ಊರಲ್ಲೇ ಉಳಿಯಿತು. ತೋಟಪ್ಪನಿಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

ಕುಳ್ಳಯ್ಯ ಕೆಸರು ಮೈಯಲ್ಲೇ ಓಡಿ ಬಂದು ಕಾಲು ಮುಟ್ಟಿದ. "ನಿಮ್ಮ ಪಾಠನೇ ಸಾರ್, ಗೆದ್ಬುಟ್ವಿ! ಬೇಲೂರಿನೋರು ನನ್ನ ಕೋಚಾಗಿ ಕರೀತಾವ್ರೆ. ಕೆಲ್ಸ ಬಿಟ್ಟು ಹೋಗ್ಲಾ?"

ಹೋಗು ಎಂದರೆ ಪಾಠದ ಮಾನವೂ ಉಳಿಯುತ್ತಿತ್ತು, ತನ್ನ ಮಾನವೂ ಉಳಿಯುತ್ತಿತ್ತು. ತೋಟಪ್ಪ ಅವನ ಬರಿಗಾಲನ್ನೇ ನೋಡುತ್ತ ನಿಂತ.

"ಕೆಲ್ಸ ಬಿಡ್ಬ್ಯಾಡ. ಮೊದ್ಲು ಬ್ಯಾಸಿಗೇಲಿ ಹೋಗಿ ಅವರ ಮೈದಾನ ನೋಡ್ಕೊಂಡ್ ಬಾ."

"ಅಂದ್ರೆ ನಾವು ಗೆದ್ದಿದ್ದೆಲ್ಲ ಕೆಸರಿಂದ್ಲಾ ಸಾರ್?"

ತೋಟಪ್ಪ ಕೊಡೆ ಮಡಚಿದ. "ನಮ್ಮ ವಿಶಾಲಮ್ಮನ್ನ ಕೇಳೋ" ಎಂದ. "ಅವಳಿಗೆ ಪಾತ್ರೆ ಗಂಟು ಕಟ್ಟೋವಾಗ್ಲೇ ಗೊತ್ತಿತ್ತು."